ಗೀರು ಅಂತ ಉಜ್ಜಿದ್ದು

9 ಸೆಪ್ಟೆಂಬರ್ 2025

ಮರದ ಹಿಡಿಗೆ ಅಗಸೆ ಎಣ್ಣೆ, ಮೂರನೇ ಸಲ. ಅಂಗೈ ಬಿಸಿಯಾಗುವ ತನಕ ತಿಕ್ಕಬೇಕು. ತಿಕ್ಕಿದೆ.

ಅಂಗಡಿ ಬೋರ್ಡಿನಲ್ಲಿ ನನ್ನ ನಾನಾ ಅವರ ಹೆಸರು: ಕುತುಬುದ್ದೀನ್, ಬಂದೂಕು ರಿಪೇರಿ, ಹರಿಹರ. ಅಮ್ಮನ ಅಪ್ಪ ಅಂತ ನನ್ನನ್ನು ಅಂಗಡಿಗೆ ಸೇರಿಸಿಕೊಂಡಿದ್ದಲ್ಲ. ಶಾಲೆ ಬಿಟ್ಟವಳು ಮನೆಯಲ್ಲಿ ಕೂತು ಎಲ್ಲರ ತಲೆ ತಿನ್ನುತ್ತಾಳೆ ಅಂತ.

ರೈಫಲ್ ವಿದ್ಯಾನಗರದ ಕರಿಬಸವರಾಜ ಅವರದು. ಒಂದೇ ತೋಟಾ ಹಿಡಿಯುವ ಹಳೇ ಶಿಕಾರಿ ರೈಫಲ್, ಅವರ ಅಜ್ಜನ ಕಾಲದ್ದು. ವಿಜಯದಶಮಿಗೆ ಲೋಕಿಕೆರೆಯ ಹೊಲದಲ್ಲಿ ಬನ್ನಿ ಪೂಜೆ ಆದ ಮೇಲೆ ಮನೆಯ ಹಿರಿಯ ಒಂದು ಗುಂಡು ಹೊಡೆಯುವುದು ಅವರ ಪದ್ಧತಿ. ರೈಫಲ್ ಕೆಟ್ಟು ಹನ್ನೆರಡು ವರ್ಷ ನಿಂತಿತ್ತು. ಹೋದ ವರ್ಷ ಅವರ ಅಪ್ಪ ತೀರಿಕೊಂಡರು. ಈ ಸಲ ಹೊಡೆಯುವವರು ಇವರೇ. ಇನ್ನೊಂದು ಪದ್ಧತಿ — ರಿಪೇರಿ ಮಾಡಿದವರೇ ತೋಟಾ ತುಂಬಿ ಪಕ್ಕದಲ್ಲಿ ನಿಲ್ಲಬೇಕು. ಇದು ನನಗೆ ಹಿಡಿಸಿತು.

ಹುಡುಗಿ ಕೈಲಿ ಕೊಟ್ಟೀರಲ್ಲ ಸಾಹೇಬ್ರ, ಅಂದರು ಕರಿಬಸವರಾಜ. ನಾನಾ ನಕ್ಕರು. ನಾನು ನಗಲಿಲ್ಲ.

14 ಸೆಪ್ಟೆಂಬರ್

ಇವತ್ತು ನಳಿಗೆ. ತುಕ್ಕು ಪೂರ್ತಿ ಹೋಯಿತು. ತೋಟಾ ಕೂರುವ ಜಾಗದಲ್ಲಿ, ಹೊರಮೈ ಮೇಲೆ, ಕೂದಲಿನಷ್ಟು ತೆಳ್ಳಗೆ ಒಂದು ಗೆರೆ. ನಾನಾಗೆ ತೋರಿಸಿದೆ. ಉಗುರು ಆಡಿಸಿದರು. ಗೀರು, ತೆಗಿ ಅಂದರು.

ಎಮರಿ ಪೇಪರ್, ಆಮೇಲೆ ಹೊಳಪು ಕೊಡುವ ಬಫ್ ಚಕ್ರ. ಅರ್ಧ ತಾಸಿನಲ್ಲಿ ಮಾಯ. ನಳಿಗೆಯಲ್ಲಿ ಈಗ ನನ್ನ ಮುಖ ಕಾಣುತ್ತದೆ. ಮೂಗು ಮಾತ್ರ ಮೊಳದುದ್ದ.

22 ಸೆಪ್ಟೆಂಬರ್

ನಾನಾ ಚಹಾ ಲೋಟವನ್ನು ಬೆಂಚಿನ ಅಂಚಿನಿಂದ ಆಚೆ ಇಟ್ಟರು. ಗಾಳಿಯಲ್ಲಿ. ಈ ವಾರ ಎರಡನೇ ಲೋಟ. ಸ್ಕ್ರೂ ಆರಿಸುವುದು ಬೆರಳಿನಿಂದ. ಪೇಪರ್ ನನ್ನಿಂದ ಓದಿಸುತ್ತಾರೆ — ಕನ್ನಡಕ ಮನೆಯಲ್ಲಿದೆಯಂತೆ. ಮನೆಯಲ್ಲಿ ಕನ್ನಡಕವೇ ಇಲ್ಲ.

ಹಾಗಾದರೆ ಆ ಗೆರೆ... ಉಗುರಿಗೆ ಸಿಕ್ಕಿತ್ತು. ಕಣ್ಣಿಗೆ ಸಿಕ್ಕಿರಲಿಲ್ಲ.

27 ಸೆಪ್ಟೆಂಬರ್, ಮಧ್ಯಾಹ್ನ

ಟ್ಯಾಂಕ್ ವೆಲ್ಡಿಂಗ್ ಮಾಡಿದ ಮೇಲೆ ಪಕ್ಕದ ಅಂಗಡಿಯ ರೌಫ್ ಭಾಯಿ ಸೋರಿಕೆ ನೋಡುವ ರೀತಿ: ಒಳಗೆ ಸೀಮೆಎಣ್ಣೆ, ಹೊರಗೆ ಸೀಮೆಸುಣ್ಣದ ಪುಡಿ. ನಳಿಗೆಗೂ ಹಾಗೇ ಮಾಡಿದೆ. ನಲವತ್ತು ನಿಮಿಷ ಕಾದೆ. ಬಿಳಿ ಪುಡಿಯ ಮೇಲೆ ಒದ್ದೆ ಗೆರೆ ಮೂಡಿತು. ಅದೇ ಜಾಗ.

ಗೀರಲ್ಲ. ಬಿರುಕು. ಉಜ್ಜಿ ಮುಚ್ಚಿದವಳು ನಾನು. ಪೆನ್ನಿನಲ್ಲಿ ಬರೆಯುತ್ತಿದ್ದೇನೆ, ಆಮೇಲೆ ಅಳಿಸಬಾರದು ಅಂತ. ಗುಂಡು ಹೊಡೆದರೆ ನಳಿಗೆ ಸಿಡಿಯುತ್ತದೆ. ಹಿಡಿದವರ ಮುಖಕ್ಕೆ. ಪಕ್ಕದಲ್ಲಿ ನಿಂತವರ ಮುಖಕ್ಕೆ.

ನಾನಾಗೆ ಹೇಳಿದೆ. ಸೀಮೆಎಣ್ಣೆ ಚೆಲ್ಲಿರಬೇಕು ಅಂದರು. ನಳಿಗೆ ಮುಂದೆ ಹಿಡಿದೆ. ಬಗ್ಗಿ ನೋಡಿದರು — ಗೆರೆ ಇಲ್ಲದ ಕಡೆ. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಅಂದೆ. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ ಎಂಬುದು ಅವರದೇ ನಿಯಮ. ಅದನ್ನೂ ಮುರಿದು ಬೈದರು. ಕೊನೆಗೆ ಮೆಲ್ಲಗೆ, ಕನ್ನಡದಲ್ಲಿ:

"ಕಣ್ಣು ಹೋತು ಅಂತ ಗೊತ್ತಾದ್ರ ಲೈಸೆನ್ಸೂ ಹೋತು. ಬಾಯಿ ಮುಚ್ಕೊಂಡಿರು."

ಬಾಯಿ ಮುಚ್ಚಿಕೊಂಡಿರಲು ಬಂದಿದ್ದರೆ ಶಾಲೆಯಲ್ಲೇ ಇರುತ್ತಿದ್ದೆ. ಪರೀಕ್ಷೆಯಲ್ಲಿ ಸರ್ ಉತ್ತರ ಹೇಳಿಕೊಡುತ್ತಿದ್ದಾರೆ ಅಂತ ಎದ್ದು ನಿಂತು ಹೇಳಿದವಳು ನಾನು. ಆಮೇಲೆ ಆ ಬೆಂಚಿನಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ. ಕೂರದಿದ್ದರೆ ಬೇಡ.

1 ಅಕ್ಟೋಬರ್

ಆಯುಧಪೂಜೆ. ಸ್ಪ್ರಿಂಗ್ ತಾ ಅಂತ ನಾನಾ ನನ್ನನ್ನು ಸ್ಟೇಷನ್ ರಸ್ತೆಗೆ ಕಳಿಸಿದರು. ವಾಪಸ್ ಬಂದರೆ ರೈಫಲ್ ಇಲ್ಲ. ಕರಿಬಸವರಾಜ ಒಯ್ದಾಗಿತ್ತು.

ಫೋನ್ ಮಾಡಿದೆ. ನಿಮ್ಮಜ್ಜ ನೋಡಿ ಕೊಟ್ಟಾರ, ನೀನು ಮೊದ್ಲು ಹತ್ತನೇ ಕ್ಲಾಸ್ ಮುಗಿಸು ಅಂದು ಇಟ್ಟುಬಿಟ್ಟರು.

ನಾಳೆ ತೋಟಾ ತುಂಬಲು ನಾನಾ ಲೋಕಿಕೆರೆಗೆ ಹೋಗುತ್ತಾರೆ. ನಾನೂ ಹೋಗುತ್ತೇನೆ. ಬೇಡ ಅನ್ನಲಿ, ನೋಡೋಣ.

2 ಅಕ್ಟೋಬರ್, ಸಂಜೆ, ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿವೆ. ರಸ್ತೆ ಹಾಗಿದೆ.

ಹೊಲದಲ್ಲಿ ಇಪ್ಪತ್ತು ಮಂದಿ. ಕರಿಬಸವರಾಜರ ತಾಯಿ ಶಾಂತಕುಮಾರಿ ಕುರ್ಚಿಯಲ್ಲಿ. ಬನ್ನಿ ಪೂಜೆ ಮುಗಿಯಿತು. ಕರಿಬಸವರಾಜ ತೋಟಾವನ್ನು ನಾನಾ ಅವರ ಕೈಗೆ ಕೊಟ್ಟರು. ನಾನು ಮಧ್ಯೆ ಹೋಗಿ ನಿಂತೆ.

"ಇದನ್ನ ರಿಪೇರಿ ಮಾಡಿದೋಳು ನಾನು. ನಿಮ್ಮ ಪದ್ಧತಿ ಪ್ರಕಾರ ತುಂಬಬೇಕಾದೋಳೂ ನಾನೇ. ನಾನು ತುಂಬಲ್ಲ."

ನಿಮ್ಮ ಮೊಮ್ಮಗಳು ಪಟಾಕಿಗೂ ಹೆದರ್ತಾಳೇನ್ರಿ ಸಾಹೇಬ್ರ, ಅಂದರು ಕರಿಬಸವರಾಜ. ಎಲ್ಲರೂ ನಕ್ಕರು. ನಳಿಗೆಯಲ್ಲಿ ಬಿರುಕಿದೆ, ಅದನ್ನು ಉಜ್ಜಿ ಮುಚ್ಚಿದ್ದು ನಾನೇ ಅಂದೆ. ನಗು ನಿಂತಿತು. ನಾನಾ ಅವರ ಕಣ್ಣಿನ ವಿಷಯ ನಾನು ಹೇಳಲಿಲ್ಲ. ನಾಲಿಗೆ ತುದಿಗೆ ಬಂದಿತ್ತು. ಅದು ನಾನು ಹೇಳುವಂಥದ್ದಲ್ಲ.

ಶಾಂತಕುಮಾರಿ ನನ್ನನ್ನು ಏನೂ ಕೇಳಲಿಲ್ಲ. ನಾನಾ ಅವರ ಕಡೆ ತಿರುಗಿದರು.

"ನೀವು ಹೇಳ್ರಿ ಸಾಹೇಬ್ರ. ನೀವು ನೋಡೀರೇನು?"

ನಾನಾ ತೋಟಾವನ್ನು ಬೆರಳಲ್ಲಿ ತಿರುಗಿಸಿದರು.

"ಇಲ್ರಿ ಅಮ್ಮಾರ. ನನಗೆ ಕಾಣಂಗಿಲ್ಲ."

ಆಕೆ ತೋಟಾ ಇಸಿದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದರು. ಗುಂಡು ಹಾರಲಿಲ್ಲ. ನನಗೂ ಬನ್ನಿ ಎಲೆ ಕೊಟ್ಟರು. ಕರಿಬಸವರಾಜ ಕೊಡಲಿಲ್ಲ. ಕೊಡದಿದ್ದರೆ ಬೇಡ.

ನಾನಾ ಎರಡು ಸೀಟು ಮುಂದೆ ಕೂತಿದ್ದಾರೆ. ಅವರ ಪಕ್ಕದ ಸೀಟು ಖಾಲಿ. ಕರೆಯಲಿಲ್ಲ. ನಾನು ಮಾಡಿದ್ದು ಸರಿ. ಸರಿಯೇ.

19 ಅಕ್ಟೋಬರ್

ಹದಿನೇಳು ದಿನ ಮಾತಿಲ್ಲ. ಇವತ್ತು ನಾನಾ ಅಂಗಡಿಗೆ ಕರೆದು ಪೆನ್ನು ಕೊಟ್ಟರು. ಡಿ.ಸಿ. ಆಫೀಸಿಗೆ ಪತ್ರ: ಕಣ್ಣಿನ ಆಪರೇಷನ್ ಆಗುವ ತನಕ ಹೊಸ ಕೆಲಸ ಹಿಡಿಯುವುದಿಲ್ಲ. ಬರೆದೆ. ಕೆಳಗೆ ಸಹಿ ಹಾಕುವ ಜಾಗಕ್ಕೆ ಅವರ ಬೆರಳು ಹಿಡಿದು ತಂದೆ.

ಆಮೇಲೆ ರಿಜಿಸ್ಟರ್ ತೆಗೆಸಿದರು. ಈ ವರ್ಷ ಸರಿ ಇದೆ ಅಂತ ಕೊಟ್ಟು ಕಳಿಸಿದ ಬಂದೂಕು ಹನ್ನೊಂದು. ಹನ್ನೊಂದು ಮನೆಗೂ ಫೋನ್ ಮಾಡಿ ವಾಪಸ್ ತರಲು ಹೇಳು ಅಂದರು. ಯಾಕ ಅಂತ ಕೇಳಿದ್ರೆ? ಅಂದೆ. ಇದ್ದದ್ದು ಇದ್ದಂಗ ಹೇಳು, ನಿನಗೆ ಬ್ಯಾರೆ ಏನು ಬರ್ತೈತೆ ಅಂದರು.

ನಾಲ್ಕು ಗಂಟೆಗೆ ಮೊದಲನೆಯದು ಬಂತು. ಬಿಚ್ಚಿ ನಳಿಗೆಯನ್ನು ನನ್ನ ಕೈಗಿಟ್ಟರು.

"ಏನ್ ಕಾಣ್ತೈತೆ ಹೇಳು. ನನ್ನ ಮುಖ ನೋಡ್ಕೊಂಡು ಹೇಳಬ್ಯಾಡ."

ಬಾಗಿಲ ಬೆಳಕಿಗೆ ಹಿಡಿದೆ. ನಾನಾ, ಅಂದೆ, ಬಲಗಡೆ, ಎರಡು ಬೆರಳು ಒಳಗೆ, ಒಂದು ಗೆರೆ.