ಗಲ್ಲಾ ಇಲ್ಲದ ದೇಶ

ಜುಲೈ 14, ಸೋಮವಾರ. ಭಾಂಡುಪ್.

ಕಾಲು ಸೆಳೆಯುತ್ತಿದೆ, ಆದರೂ ನಿದ್ದೆ ಬರುತ್ತಿಲ್ಲ. ಬಾಂದ್ರಾದ ವೀಸಾ ಆಫೀಸಿನ ಮಾತೇ ತಲೆಯಲ್ಲಿ ಸುತ್ತುತ್ತಿದೆ.

ಇಲ್ಲಿನ ನಮ್ಮ ಹೋಟೆಲು ಮಾರಿ, ಥಾಯ್ಲೆಂಡಿನಲ್ಲಿ ಸಮುದ್ರದ ಹತ್ತಿರ ಆರಾಮವಾಗಿ ಇರುವುದೆಂದು ಇವರು ವರ್ಷದಿಂದ ಹೇಳುತ್ತಿದ್ದಾರೆ. ಅಲ್ಲಿ ನೆಲ ನಮ್ಮ ಹೆಸರಿಗೆ ಆಗುವುದಿಲ್ಲವಂತೆ, ಇವರ ಶುಗರಿಗೆ ವಿಮೆ ಸಿಗುವುದು ಕಷ್ಟವಂತೆ. ಅದನ್ನೆಲ್ಲ ತಲೆಯಾಡಿಸುತ್ತ ಕೇಳಿದರು. ಕೊನೆಗೆ ಏಜೆಂಟ್ ಹುಡುಗಿ ನಮಿತಾ, "ಅಂಕಲ್, ಈ ವೀಸಾದಲ್ಲಿ ಕೆಲಸ ಬಿಲ್ಕುಲ್ ಅಲೌಡ್ ಇಲ್ಲ" ಎಂದಾಗ ಮುಖ ಬಾಡಿತು.

"ಸಂಬಳ ಬೇಡ. ಯಾರದಾದ್ರೂ ಹೋಟೆಲಿನ ಗಲ್ಲಾದಲ್ಲಿ ಸುಮ್ಮನೆ ಕೂತ್ರೆ?"

"ಅದೂ ಕೆಲಸವೇ, ಅಂಕಲ್."

ಇವರ ಕನಸಿನಲ್ಲಿ ಇದ್ದದ್ದು ಸಮುದ್ರವಲ್ಲ ಎಂದು ಆಗ ಗೊತ್ತಾಯಿತು. ಕಳೆದ ವರ್ಷ ಥಾಯ್ಲೆಂಡ್ ನೋಡಲು ಹೋದಾಗಲೂ, ಅಲ್ಲಿನ ಹೋಟೆಲಿನಲ್ಲಿ ಊಟ ಮುಗಿಸಿ, ಪಕ್ಕದ ಟೇಬಲಿನ ಎಂಜಲು ತಟ್ಟೆಗಳನ್ನೂ ಎತ್ತಿ ಒಳಗಿಟ್ಟು ಬಂದಿದ್ದರು.

ಲೋಕಲ್ ರೈಲಿನಲ್ಲಿ ಬರುವಾಗ ಕೇಳಿದರು, "ಮತ್ತೆ ಅಲ್ಲಿ ಬೆಳಿಗ್ಗೆ ಎದ್ದು ಎಂತ ಮಾಡುದು?"

"ಮಲಗುದು" ಎಂದೆ. ಮೊದಲ ಸಲ ನನಗೆ ಆ ದೇಶ ಇಷ್ಟವಾಗಿತ್ತು.

ಮನೆ ಮುಟ್ಟುವಷ್ಟರಲ್ಲಿ ಇವರ ಮುಖ ಅರಳಿತ್ತು. "ಅಲ್ಲಿ ಮನೆಯಲ್ಲೇ ನೀನು ನೀರುದೋಸೆ ಮಾಡು, ನಾನು ಅಕ್ಕಪಕ್ಕದವರನ್ನು ಕರೀತೇನೆ. ಅದಕ್ಕೆ ಯಾರೂ ಬೇಡ ಅನ್ನುದಿಲ್ಲ."

ಕೆಲಸ ಮಾಡಬಾರದೆಂಬ ಆ ಕಾನೂನು ಹೆಂಡತಿಯ ಅಡುಗೆಮನೆಗೂ ಉಂಟೋ ಎಂದು ನಾಳೆ ನಮಿತಾಗೆ ಫೋನ್ ಮಾಡಿ ಕೇಳಬೇಕು. ಇಲ್ಲ ಎಂದರೆ ನಾನು ಇಲ್ಲೇ...

ನಾಳೆಯ ದೋಸೆಗೆ ಅಕ್ಕಿ ನೆನೆಹಾಕಿಲ್ಲ. ಏಳಬೇಕು.