ಹಿಂಬದಿಯ ಗೋಡೆ

ಮೇ 6
ಇವತ್ತೂ ಇಟ್ಟಿಗೆ ನೆನೆಸುವ ಕೆಲಸ ನನ್ನದೇ. ಬಕೆಟ್ಟಿನಲ್ಲಿ ಗುಳ್ಳೆ ನಿಂತ ಮೇಲೆ ಎತ್ತಿಕೊಡಬೇಕು. ಅಪ್ಪ ಒಂದೊಂದೇ ಕೂರಿಸುತ್ತಾರೆ, ಎಡಗೈಯಲ್ಲಿ. ಲಕ್ವ ಹೊಡೆದು ಎಂಟು ತಿಂಗಳು ಲೋಟ ಹಿಡಿಯದ ಕೈ. ಸೊಂಟದೆತ್ತರದ ಗಿಡದ ತೊಟ್ಟಿ — ಮೂರು ಕಡೆ ಇಟ್ಟಿಗೆ, ಹಿಂಬದಿಗೆ ಹಳೆಯ ಕಾಂಪೌಂಡು ಗೋಡೆಯೇ.
ಮೇಸ್ತ್ರಿ ನೋಡಲು ಬಂದ. "ಹಿಂದುಗಡೆನೂ ಒಂದು ಗೋಡೆ ಎಬ್ಬಿಸಿ ಸಾರ್. ಕಾಂಪೌಂಡು ಮಣ್ಣಿನ ಭಾರ ತಡೆಯಲ್ಲ."
"ಗೋಡೆಗೂ ಜೋಡಿ ಬೇಕೇನಯ್ಯಾ? ಮದುವೆ ಮಾಡ್ಸೋಣ ಅಂತೀಯಾ?"
ಮೇಸ್ತ್ರಿ ನಗಲಿಲ್ಲ. ನಾನು ನಕ್ಕೆ. ಅಪ್ಪ ತಮಾಷೆ ಮಾಡಿ ಎಷ್ಟು ದಿನವಾಗಿತ್ತು...

ಮೇ 15
ಮಣ್ಣು ತುಂಬಿದ್ದಾಯಿತು. ಅರ್ಧ ಲಾರಿ. ಗೋಡೆಯಾಚೆ ಓಣಿಯಲ್ಲಿ ಇಸ್ತ್ರಿ ಅಕ್ಕನ ಮೇಜು.
"ಏನೇ, ನಿಮ್ಮಪ್ಪ ಕೋಟೆ ಕಟ್ತಿದಾರಾ?"
"ಹೂಂ" ಅಂದೆ. ಇದಕ್ಕಿಂತ ಉದ್ದದ ಉತ್ತರ ನನಗೆ ಹೊಳೆಯುವುದು ಮನೆಗೆ ಬಂದ ಮೇಲೆ.

ಜೂನ್ 9
ಮೂರು ದಿನದ ಮಳೆ. ಗೋಡೆಯ ಆಚೆ ಬದಿ ಒದ್ದೆ. ಕೂದಲೆಳೆಯಷ್ಟು ಬಿರುಕು. ಅದರ ತುದಿಗೆ ಪೆನ್ಸಿಲ್ ಗೆರೆ ಎಳೆದು ಬಂದೆ.

ಜೂನ್ 11
ಬಿರುಕು ಗೆರೆ ದಾಟಿ ಒಂದು ಗೇಣು. ಗೋಡೆ ಓಣಿಯ ಕಡೆಗೆ ಹೊಟ್ಟೆ ಬಿಟ್ಟಿದೆ. ಅಕ್ಕ ಅದಕ್ಕೇ ಬೆನ್ನು ಒರಗಿಸಿ ನಿಂತಿದ್ದಳು. "ತಣ್ಣಗಿದೆ ಕಣೇ. ಕೆಂಡದ ಸೆಕೆಗೆ ಹಾಯಾಗಿದೆ."
"ಅಕ್ಕಾ..."
"ದುಪಟ್ಟ ಇನ್ನೂ ಆಗಿಲ್ಲ. ಸಂಜೆ ಬಾ."
ಹೂಂ ಅಂದು ಬಂದೆ. ಥೂ.

ಜೂನ್ 12
ಅಪ್ಪನಿಗೆ ಹೇಳಿದೆ — ಅರ್ಧ. "ಅಪ್ಪ, ಗೋಡೆ ಸ್ವಲ್ಪ..."
ಎಡಗೈ ಚಾಚಿದರು. "ನೋಡು ಪುಟ್ಟಿ, ನಡುಗ್ತಿದೆಯಾ?"
ಇಲ್ಲ.
"ಫೋಟೋ ತೆಗಿ. ಡಾಕ್ಟರಿಗೆ ತೋರಿಸ್ಬೇಕು."
ತೆಗೆದೆ. ಕೈಯ ಹಿಂದೆ ಗೋಡೆ ವಾಲಿರುವುದು ಫೋಟೋದಲ್ಲಿ ಬರಿಗಣ್ಣಿಗಿಂತ ಚೆನ್ನಾಗಿ ಕಾಣುತ್ತದೆ. ಅಪ್ಪ ಕೈಯನ್ನಷ್ಟೇ ನೋಡಿದರು. ಎರಡು ಸಲ.

ಜೂನ್ 14, ಬೆಳಗ್ಗೆ 7.20
ಮತ್ತೆ ಮಳೆಯಾಗಿದೆ. ತೊಟ್ಟಿಯಲ್ಲಿ ಗೋಡೆ ಪಕ್ಕದ ಮಣ್ಣು ಒಂದು ಮೊಳ ಕುಸಿದು, ಬಿರುಕಿನಿಂದ ಓಣಿಗೆ ಹರಿದಿದೆ. ಅಪ್ಪ ಓಣಿಯ ಕಡೆ ಹೋಗಿ ನೋಡಲೇ ಇಲ್ಲ. ಹೊಸ ಮಣ್ಣು ಸುರಿದು, ತೊಟ್ಟಿ ಹತ್ತಿ ನಿಂತು ತುಳಿಯುತ್ತಿದ್ದಾರೆ. ಕೂಗಿದೆ. "ಬಂದೆ ಇರೇ" ಅಂದರು, ಇಳಿಯಲಿಲ್ಲ.
ಅಕ್ಕ ಬರುವುದು ಏಳೂವರೆಗೆ. ಅವಳಿಗೆ ಹೇಳುವುದನ್ನು ಬರೆದುಕೊಂಡೇ ಹೋಗುತ್ತೇನೆ. ನೋಡಿಕೊಂಡಾದರೂ ಓದಬಹುದು.
ಅಕ್ಕ, ನಿನ್ನ ಹತ್ತಿರ ಒಂದು ವಿಷಯ — ಬೇಡ. ಅಕ್ಕ, ನಮ್ಮ ಗೋಡೆ — ಉದ್ದವಾಯಿತು.
ಅಕ್ಕ, ಈಚೆ ಬಾ.
ಇಷ್ಟೇ. ಇಷ್ಟು ಸಾಕು.
ಓಣಿಯಲ್ಲಿ ಮೇಜು ಎಳೆದ ಸದ್ದು. ಇವತ್ತು ಬೇಗ ಬಂದಿದ್ದಾಳೆ. ಅಪ್ಪ ಇನ್ನೂ ತುಳಿ