ಬಸರೀಹಟ್ಟಿಯ ಗೋಡೆಯ ಮೇಲೆ ನಮ್ಮಜ್ಜ

ಕರಡಿಕಟ್ಟೆ
ಫೆಬ್ರುವರಿ 30, 2217

ಊರ ಗೋಡೆಗಳಿಗೆ ಮೊದಲ ಸಲ ಬಣ್ಣ ಹಚ್ಚುತ್ತಿರುವ ಹಿರಿಯರಿಗೆ ಸಣ್ಣೀರಮ್ಮನ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಇಂಥ ದಿನವಿಲ್ಲವೆಂದು ಬಲ್ಲೆ. ನಾವು ತಿಂಗಳುಗಳನ್ನೆಲ್ಲ ಸಮ ಮಾಡಿಕೊಂಡು ಬಹಳ ಕಾಲವಾಯಿತು. ನನ್ನ ಮಾತು ಅಲ್ಲಲ್ಲಿ ಒಡ್ಡಾಗಿ ಕೇಳಿಸಬಹುದು. ನಿಮ್ಮ ಕಾಲದ ಕನ್ನಡವನ್ನು ಹಳೆಯ ಪುಸ್ತಕಗಳಿಂದ ಕಲಿತವಳು, ಮನ್ನಿಸಿ. ಈ ಕಾಗದ ನಿಮ್ಮನ್ನು ಹೇಗೆ ಮುಟ್ಟುತ್ತದೋ ನನಗೆ ತಿಳಿಯದು. ಆದರೂ ಬರೆಯುತ್ತಿದ್ದೇನೆ. ನಮ್ಮೂರ ಗೋಡೆಯ ಮೊದಲ ಚಿತ್ರ ನಿಮ್ಮ ಕೈಯದು. ಅದಕ್ಕೇ ನಮ್ಮೂರ ಒಂದು ನಾಚಿಕೆಯನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕು ಅನ್ನಿಸಿದೆ.

ನೀವು ಬಸ್ ನಿಲ್ದಾಣದ ಗೋಡೆ, ಶಾಲೆಯ ಕಾಂಪೌಂಡಿನ ಮೇಲೆ ಊರಿನ ಕಥೆ ಬರೆಯಲು ಶುರುಮಾಡಿದಿರಿ. ಈಗ ನಮ್ಮ ಸೀಮೆಯಲ್ಲಿ ಕಥೆಯ ಗೋಡೆಯಿಲ್ಲದ ಊರಿಲ್ಲ. ಕೊಯ್ಲು ಮುಗಿದ ಮೇಲೆ ಜನ ಗುಂಪು ಕಟ್ಟಿಕೊಂಡು ಊರಿಂದೂರಿಗೆ ಹೋಗಿ ಗೋಡೆ ನೋಡುತ್ತಾರೆ. ಇದನ್ನು ಗೋಡೆನಡಿಗೆ ಅನ್ನುತ್ತೇವೆ. ಬಿಸಿಲು ನಿಮ್ಮ ಕಾಲಕ್ಕಿಂತ ಬಹಳ ಹೆಚ್ಚು. ಮಧ್ಯಾಹ್ನ ಊರಿಗೆ ಊರೇ ಮಲಗಿರುತ್ತದೆ. ಬೀದಿಯ ಮೇಲೆ, ಈ ಮಾಳಿಗೆಯಿಂದ ಎದುರಿನ ಮಾಳಿಗೆಗೆ, ನೆರಳುಚಾಪೆ ಬಿಗಿದಿರುತ್ತೇವೆ. ಬಿಸಿಲು ಕುಡಿದು ಮನೆಗೆ ಬೆಳಕು ಕೊಡುವ ತೆಳ್ಳನೆಯ ಹಾಳೆ ಅದು. ಸಂಜೆ ಅದನ್ನು ಸುತ್ತಿ ತೆಗೆದಾಗಲೇ ಗೋಡೆಗಳ ಬಣ್ಣ ಸರಿಯಾಗಿ ಕಾಣುವುದು. ನಡೆದು ಬಂದವರ ಕಾಲಿಗೆ ನೀರು ಕೊಟ್ಟು, ನವಣೆ ಅನ್ನ, ಹುರುಳಿ ಸಾರು ಬಡಿಸುತ್ತೇವೆ. ಊಟವಾದ ಮೇಲೆ ಆ ಊರಿನ ಗೋಡೆಯಮ್ಮ ಎದ್ದು ನಿಲ್ಲುತ್ತಾಳೆ. ಬಣ್ಣ ಮಾಸಿದಲ್ಲಿ ತಿದ್ದುವುದು, ಬಂದವರಿಗೆ ಕಥೆ ಹೇಳುವುದು ಅವಳ ಕೆಲಸ. ಕರಡಿಕಟ್ಟೆಯ ಗೋಡೆಯಮ್ಮ ನಾನು.

ನೀವು ಬರೆದ ಕರಡಿ, ಕೋಟೆ, ಸಂತೆ ಇನ್ನೂ ನಮ್ಮ ಗೋಡೆಯಲ್ಲಿವೆ. ಅವುಗಳ ಪಕ್ಕದಲ್ಲಿ, ಅವೆಲ್ಲಕ್ಕಿಂತ ದೊಡ್ಡದಾಗಿ, ನನ್ನ ತಾಯಿಯ ತಂದೆ ಓಬಜ್ಜ ಇದ್ದಾನೆ. ಅವನು ಕೆರೆಯ ನೀರಗಂಟಿಯಾಗಿದ್ದ, ಅಂದರೆ ತೂಬು ತೆಗೆದು ಮುಚ್ಚಿ ಹೊಲಗದ್ದೆಗಳಿಗೆ ನೀರು ಹಂಚುವವನು. ಅವನ ಕಾಲದಲ್ಲಿ ಒಂದು ವರ್ಷ ಹಸ್ತದ ಮಳೆ ಬಿಡದೆ ಸುರಿದು, ಕೆರೆಯ ಏರಿ ಊರಿನ ಕಡೆಗೆ ಬಿರುಕು ಬಿಟ್ಟಿತು. ಅಜ್ಜ ಸನಿಕೆ ಹಿಡಿದು ಪಡುವಣ ತುದಿಯಲ್ಲಿ ತಾನೇ ಏರಿ ಕಡಿದು, ನೀರನ್ನು ಹಳ್ಳದ ಕಡೆಗೆ ತಿರುಗಿಸಿದ. ಊರು ಉಳಿಯಿತು. ಗೋಡೆಯಲ್ಲಿ ಅವನು ಏರಿಯ ಮೇಲೆ ನಿಂತಿದ್ದಾನೆ. ಚಿಕ್ಕಂದಿನಲ್ಲಿ ಮುರಿದು ಸೊಟ್ಟಗೆ ಕೂಡಿಕೊಂಡ ಎಡಗೈ, ಬಲಗೈಯಲ್ಲಿ ಸನಿಕೆ. ಅವನ ಕಾಲ ಕೆಳಗಿಂದ ನೀಲಿ ನೀರು ಹೊರಟು ಹಸುರು ಹುಲ್ಲುಗಾವಲಿನಲ್ಲಿ ಕರಗಿಹೋಗುತ್ತದೆ. ಆ ಹಸುರನ್ನು ವರ್ಷವರ್ಷವೂ ನಾನೇ ತಿದ್ದುತ್ತಿದ್ದೆ. ಎಷ್ಟೋ ಊರಿನವರ ಮುಂದೆ ಎದೆಯುಬ್ಬಿಸಿ ಅಜ್ಜನ ಕಥೆ ಹೇಳಿದ್ದೇನೆ.

ಹೋದ ವರ್ಷ ನಾನೂ ಗೋಡೆನಡಿಗೆಗೆ ಹೊರಟೆ. ಯಾವಾಗಲೂ ಹೋಗುವ ದಾರಿಯಲ್ಲಿ ಸೇತುವೆ ಕುಸಿದಿದ್ದರಿಂದ ನಮ್ಮ ಗುಂಪು ಹಳ್ಳದ ದಂಡೆ ಹಿಡಿಯಿತು. ಹಾಗೆ ಹೋದಾಗ ಸಿಕ್ಕಿದ್ದು ಬಸರೀಹಟ್ಟಿ. ಕುರಿ ಸಾಕುವವರ ಸಣ್ಣ ಊರು, ಗುಡ್ಡದ ಮೇಲಿದೆ. ನಮ್ಮೂರಿನಿಂದ ಅರ್ಧ ದಿನದ ನಡಿಗೆಯೂ ಅಲ್ಲ. ಆದರೆ ನಮ್ಮವರು ಯಾರೂ ಆ ಕಡೆ ಹೋಗುವುದಿಲ್ಲ. ಏಕೆಂದು ನಾನು ಎಂದೂ ಕೇಳಿರಲಿಲ್ಲ.

ಅಲ್ಲಿನ ಗೋಡೆಯಮ್ಮ ಕಾಟಮ್ಮ, ನನ್ನ ತಾಯಿಯ ವಾರಿಗೆಯವಳು. ಮಜ್ಜಿಗೆ ಕೊಟ್ಟು ಕುರಿದೊಡ್ಡಿಯ ಉದ್ದನೆಯ ಗೋಡೆಯ ಹತ್ತಿರ ಕರೆದುಕೊಂಡು ಹೋದಳು. ಕೆಮ್ಮಣ್ಣು, ಸುಣ್ಣ, ಮಸಿ ಬಿಟ್ಟರೆ ಬೇರೆ ಬಣ್ಣವಿರಲಿಲ್ಲ. ಗುಡಿಸಲುಗಳು, ಕುರಿಗಳು, ತೊಟ್ಟಿಲು, ಮನುಷ್ಯರು. ಪ್ರತಿಯೊಬ್ಬ ಮನುಷ್ಯನ ಕೆಳಗೆ ಹೆಸರು. ಅವರೆಲ್ಲರ ಮೇಲೆ ಕೆಂಪು ನೀರು ಎದ್ದು ನಿಂತಿತ್ತು.

"ಓದು ಬಂದೋರು ಹೆಸರು ಓದ್ರಮ್ಮ," ಅಂದಳು ಕಾಟಮ್ಮ. "ಹೊರಗಿನೋರ ಬಾಯಲ್ಲಿ ಅವರ ಹೆಸರು ಬರ್ಲಿ ಅಂತ ನಮ್ಮಾಸೆ."

ಗುಂಪಿನವರು ನನ್ನನ್ನು ಮುಂದೆ ಬಿಟ್ಟರು. ನಾನು ಗಟ್ಟಿ ದನಿಯಲ್ಲಿ ಓದತೊಡಗಿದೆ. ಬೋರಯ್ಯ. ಚಿನ್ನಕ್ಕ. ದೊಡ್ಡ ಪಾಲಯ್ಯ. ಹೆಸರಿಡದ ಕೂಸು. ಅಲ್ಲಿ ತಡವರಿಸಿ ತಲೆಯೆತ್ತಿದೆ. ಗೋಡೆಯ ಮೇಲುತುದಿಯಲ್ಲಿ, ನೀರು ಶುರುವಾಗುವ ಕಡೆ, ಹೆಬ್ಬೆರಳಿನಷ್ಟು ಸಣ್ಣ ಮನುಷ್ಯನೊಬ್ಬ ಸನಿಕೆ ಹಿಡಿದು ನಿಂತಿದ್ದ. ಅವನ ಎಡಗೈ ಸೊಟ್ಟಗಿತ್ತು.

ಓದುವುದು ಬಿಟ್ಟು ಅವನನ್ನೇ ನೋಡುತ್ತ ನಿಂತೆ. ಕಾಟಮ್ಮ ನನ್ನ ಮುಖ ನೋಡಿದಳು.

"ಯಾವೂರು ತಾಯಿ ನಿಂದು?"

"ಕರಡಿಕಟ್ಟೆ."

"ಯಾರ ಮನೆ?"

"ನೀರಗಂಟಿ ಮನೆ. ಅವನ ಮಗಳ ಮಗಳು ನಾನು."

ಸುತ್ತ ನಿಂತಿದ್ದ ಹಟ್ಟಿಯವರು ನನ್ನ ಕಡೆ ತಿರುಗಿದರು. ನನ್ನ ಕೈಯಲ್ಲಿ ಅವರು ಕೊಟ್ಟ ಮಜ್ಜಿಗೆಯ ಲೋಟ ಇನ್ನೂ ಇತ್ತು. ಅದನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಯಾರಾದರೂ ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಕಾಟಮ್ಮ ಕಲ್ಲಿನ ಮೇಲೆ ಕುಳಿತು, ನನ್ನನ್ನೂ ಪಕ್ಕಕ್ಕೆ ಕರೆದಳು.

"ಏರಿ ಕಡಿದಿದ್ದು ತಪ್ಪು ಅಂತ ನಾವು ಯಾವತ್ತೂ ಅಂದಿಲ್ಲ. ಊರು ಉಳೀಬೇಕಿತ್ತು, ಕಡಿದ. ಆಗ ನಮ್ಮ ಹಟ್ಟಿ ಕೆಳಗೆ ಹಳ್ಳದ ದಂಡೇಲಿತ್ತು, ಆ ನೀರಿಗೆ ಕೊಚ್ಚಿಹೋಯ್ತು. ನಮಗೆ ಹೇಳಿ ಕಳಿಸಿದ್ರೆ ನಮ್ಮೋರೂ ಗುಡ್ಡ ಹತ್ತುತ್ತಿದ್ರು. ಗುಡ್ಡ ಇಲ್ಲೇ ಇತ್ತಲ್ಲ."

ನಾನು ಅವಳ ಕಾಲು ಮುಟ್ಟಲು ಬಗ್ಗಿದೆ. ಅವಳು ತಡೆದಳು. "ಬೇಡ. ನಿಮ್ಮ ಗೋಡೇಲಿ ನೀರು ಹುಲ್ಲಿಗೆ ಹೋಗುತ್ತಂತೆ, ನೋಡಿ ಬಂದೋರು ಹೇಳ್ತಾರೆ. ಅಲ್ಲಿ ನಮ್ಮ ಹಟ್ಟೀನ ಬರಿ. ನಿಮ್ಮಜ್ಜನ್ನ ಅಳಿಸು ಅಂತ ನಾನು ಕೇಳಲ್ಲ."

ನಾನು ಗೋಡೆನಡಿಗೆ ಮುಗಿಸಲಿಲ್ಲ. ಮರುದಿನವೇ ಊರಿಗೆ ಹಿಂದಿರುಗಿದೆ. ಅವ್ವ ಓಬಮ್ಮ ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ನೋಡಿದ್ದೆಲ್ಲ ಹೇಳಿದೆ. ಅವ್ವ ನನ್ನ ಕಡೆ ನೋಡದೆ ಸುಲಿಯುತ್ತಲೇ ಇದ್ದಳು. ಮೊರ ತುಂಬಿದ ಮೇಲೆ ಅಂದಳು:

"ನಂಗೆ ಗೊತ್ತಿತ್ತು ಕಣೆ."

"ಗೊತ್ತಿದ್ದೂ ನನ್ನ ಕೈಲಿ ಆ ಹಸುರು ಹಚ್ಚಿಸಿದೆಯಾ?"

"ಅಪ್ಪ ಸಾಯೋ ತನಕ ಆ ಗೋಡೆ ಮುಂದೆ ಹಾಯಲಿಲ್ಲ. ಹಿತ್ತಲ ಓಣೀಲೇ ಓಡಾಡ್ತಿದ್ದ. ಒಂದಿನ ನಾನು ಬಿಡದೆ ಕೇಳಿದ್ದಕ್ಕೆ ಹೇಳಿದ. ಹಟ್ಟಿಗೆ ಆಳು ಕಳಿಸೋಣ ಅಂದಿದ್ನಂತೆ. ಊರ ದೊಡ್ಡೋರು ಬೇಡ ಅಂದ್ರಂತೆ. ಅವರಿಗೆ ತಿಳಿದ್ರೆ ಬಂದು ಏರಿ ಮೇಲೆ ಕೂತ್ಕೋತಾರೆ, ಆಮೇಲೆ ಕಡಿಯೋಕಾಗಲ್ಲ ಅಂದ್ರಂತೆ. ಅಪ್ಪ ಸುಮ್ಮನಾದ." ಅವ್ವ ಸಿಪ್ಪೆಗಳನ್ನು ಸೆರಗಿಗೆ ಬಳಿದುಕೊಂಡಳು. "ಊರು ಅವನನ್ನ ದೇವರು ಮಾಡ್ತು. ನಾನು ದೇವರ ಮಗಳಾದೆ. ಬಾಯಿ ಬಿಡೋಕೆ ಆಗ್ಲಿಲ್ಲ."

ಹಿರಿಯರೇ, ಅಜ್ಜ ತಿಳಿಯದೆ ಮಾಡಿದ ಅಂದುಕೊಳ್ಳಲು ದಾರಿಯುದ್ದಕ್ಕೂ ನಾನು ಏನೇನೋ ನೆಪ ಹುಡುಕಿಕೊಂಡು ಬಂದಿದ್ದೆ. ಅವ್ವನ ಮಾತು ಕೇಳಿದ ಮೇಲೆ ಯಾವುದೂ ಉಳಿಯಲಿಲ್ಲ. ಅವನು ಒಬ್ಬನೇ ಸುಮ್ಮನಾದದ್ದಲ್ಲ, ಊರಿಗೆ ಊರೇ ಬಾಯಿ ಕಟ್ಟಿಕೊಂಡಿತ್ತು. ಆ ಬಾಯಿ ಕಟ್ಟಿದ ಊರಿನ ಕಥೆಯನ್ನು ನಾನು ಬಾಯ್ತುಂಬ ಹೇಳುತ್ತಿದ್ದೆ.

ಊರ ಸಭೆ ಕರೆಸಿದೆ. ಬೇವಿನಕಟ್ಟೆಯ ಸುತ್ತ ಜನ ಕೂತರು. ನಾನು ಹಟ್ಟಿಯ ಗೋಡೆಯ ವಿಷಯ ಹೇಳಿ, ನಮ್ಮ ಗೋಡೆಯಲ್ಲಿ ಹಸುರು ಕೆರೆದು ಬಸರೀಹಟ್ಟಿಯನ್ನು ಬರೆಯುತ್ತೇನೆ ಅಂದೆ. ಸಿಟ್ಟು ಬರುತ್ತದೆಂದು ತಯಾರಾಗಿ ನಿಂತಿದ್ದೆ. ಆದರೆ ವಯಸ್ಸಾದವರು ಒಬ್ಬೊಬ್ಬರೇ ನೆಲ ನೋಡತೊಡಗಿದರು. ಅವರಲ್ಲಿ ಯಾರಿಗೂ ಇದು ಹೊಸ ಸುದ್ದಿಯಾಗಿರಲಿಲ್ಲ. ಅದನ್ನು ಕಂಡಾಗ ಆದ ನಾಚಿಕೆ ಹಟ್ಟಿಯಲ್ಲಿ ಆದದ್ದಕ್ಕಿಂತ ದೊಡ್ಡದು.

ಕೊನೆಗೆ ಸಭೆಯ ಯಜಮಾನ ರುದ್ರಮುನಿ ಗಂಟಲು ಸರಿಮಾಡಿಕೊಂಡ. "ನಮ್ಮ ಮಕ್ಕಳು ದಿನಾ ನೋಡೋ ಗೋಡೆ ಅದು, ಸಣ್ಣೀರಮ್ಮ. ಅಲ್ಲಿ ಸಾವು ಬರೀಬೇಕಾ?"

ಅವ್ವ ಹಿಂದಿನಿಂದ ಎದ್ದು ನಿಂತಳು. ಸಭೆಯಲ್ಲಿ ಅವಳು ಮಾತಾಡಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

"ಹಟ್ಟಿ ಮಕ್ಕಳೂ ದಿನಾ ಅವರ ಗೋಡೆ ನೋಡ್ತಾರೆ, ಅಣ್ಣಾ. ನಮ್ಮಪ್ಪನ ಗೋಡೆ ಇದು. ಮಗಳು ನಾನು ಹೇಳ್ತಿದೀನಿ, ಬರೀಲಿ."

ರುದ್ರಮುನಿ ಎದ್ದು ಹೊರಟ. ಸಭೆ ತಾನಾಗಿಯೇ ಕರಗಿತು. ಕೆಲವರು ಇಂದಿಗೂ ನಮ್ಮ ಮನೆಗೆ ಬರುವುದಿಲ್ಲ.

ನಾನು ಹಟ್ಟಿಗೆ ಹೋಗಿ ಕಾಟಮ್ಮನನ್ನು ಕರೆತಂದೆ. ಅವಳು ನಮ್ಮೂರಿಗೆ ಬಂದದ್ದು ಅದೇ ಮೊದಲು. ಬೆಳಗಿನ ಹೊತ್ತು ಗೋಡೆಯ ಮುಂದೆ ನಿಂತು, ಆಳೆತ್ತರದ ನಮ್ಮಜ್ಜನನ್ನು ಬಹಳ ಹೊತ್ತು ನೋಡಿದಳು. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ದೂರ ನಿಂತಿದ್ದಳು. ಕಾಟಮ್ಮ ಅವಳ ಹತ್ತಿರ ಹೋಗಿ, "ನೀನು ಆಗ ಎಷ್ಟು ದೊಡ್ಡೋಳಿದ್ದೆ?" ಎಂದು ಕೇಳಿದಳು.

"ಲಂಗ ಹಾಕ್ತಿದ್ದೆ."

"ನಾನೂ. ಕುರಿ ಹೊಡಕೊಂಡು ಗುಡ್ಡಕ್ಕೆ ಹೋಗಿದ್ದೆ, ಅದಕ್ಕೇ ಉಳಿದೆ."

ಇಬ್ಬರೂ ನೆರಳಿನಲ್ಲಿ ಪಕ್ಕಪಕ್ಕ ಕೂತರು. ನಾನು ಹಸುರು ಬಣ್ಣ ಕೆರೆದು, ಸುಣ್ಣ ಬಳಿದು, ಮಸಿಯಲ್ಲಿ ಗುಡಿಸಲುಗಳನ್ನು ಗುರುತು ಹಾಕಿಕೊಂಡೆ. ಆಮೇಲೆ ಮನುಷ್ಯರನ್ನು ಬರೆದೆ. ಕೈ ಮೇಲೆತ್ತಿ, ಕೂಸುಗಳನ್ನು ಅವಚಿಕೊಂಡು ಗುಡ್ಡದ ಕಡೆ ಓಡುತ್ತಿರುವ ಹಾಗೆ. ಕಾಟಮ್ಮ ಎದ್ದು ಬಂದು ನನ್ನ ಕೈ ಹಿಡಿದಳು.

"ಓಡೋ ಹಾಗೆ ಬರೀಬೇಡಮ್ಮ. ಯಾರೂ ಓಡ್ಲಿಲ್ಲ, ಯಾರಿಗೂ ಗೊತ್ತಿರಲಿಲ್ಲವಲ್ಲ. ನಾನು ಗುಡ್ಡಕ್ಕೆ ಹೊರಟಾಗ ನಮ್ಮವ್ವ ರೊಟ್ಟಿ ತಟ್ಟುತ್ತಿದ್ಲು. ಹಾಗೇ ಬರಿ."

ಹಾಗೇ ಬರೆದೆ. ಒಬ್ಬಳು ರೊಟ್ಟಿ ತಟ್ಟುತ್ತಿದ್ದಾಳೆ, ಒಬ್ಬ ಕಂಬಳಿಗೆ ತೇಪೆ ಹಾಕುತ್ತಿದ್ದಾನೆ, ತೊಟ್ಟಿಲು ತೂಗುತ್ತಿದೆ. ಯಾರೂ ಕೆರೆಯ ಕಡೆ ನೋಡುತ್ತಿಲ್ಲ. ಬಂದವರಿಗೆ ಕಥೆ ಹೇಳುವಾಗ ಈ ಭಾಗಕ್ಕೆ ಬಂದರೆ ಈಗಲೂ ನನ್ನ ತಲೆ ತಗ್ಗುತ್ತದೆ, ದನಿ ಇಳಿಯುತ್ತದೆ. ಹಿಂದೆ ನಿಂತವರು ಗಟ್ಟಿಯಾಗಿ ಹೇಳಮ್ಮ ಅನ್ನುತ್ತಾರೆ. ಹೇಳುತ್ತೇನೆ.

ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮೂರು ಗೆದ್ದ ದಿನವನ್ನು, ಉಳಿದ ದಿನವನ್ನು ಗೋಡೆಗೆ ಹಾಕುವ ಮುಂಚೆ, ದಯವಿಟ್ಟು ಪಕ್ಕದ ಊರಿಗೆ ಒಮ್ಮೆ ಹೋಗಿ ಬನ್ನಿ. ಆ ದಿನ ನಿಮಗೇನಾಯಿತು ಎಂದು ಅಲ್ಲಿಯವರನ್ನು ಕೇಳಿ. ಹೇಳುವವರು ಬದುಕಿರುವಾಗಲೇ ಕೇಳಿ. ನಾವು ಬಹಳ ತಡವಾಗಿ ಹೋದೆವು.

ತಲೆತಗ್ಗಿಸಿ,
ಸಣ್ಣೀರಮ್ಮ
ಕರಡಿಕಟ್ಟೆಯ ಗೋಡೆಯಮ್ಮ